ಮಾತಾಡಿಸಿಕೊಂಡು ಬರುವ ವಿದ್ಯೆ: ವಿಯೋಗದುಃಖದ ಅಧ್ಯಯನ ಮತ್ತು ಚಿಕಿತ್ಸೆ ನಡೆದು ಬಂದ ದಾರಿ

ಆಪ್ತರು ತೀರಿಕೊಂಡ ಮೇಲೆ ಉಳಿದವರ ಪಾಲಿಗೆ ಒದಗುವುದನ್ನು ಮನಶ್ಶಾಸ್ತ್ರವು ಮೂರು ಹೆಸರುಗಳಲ್ಲಿ ಬೇರ್ಪಡಿಸಿ ನೋಡುತ್ತದೆ. ಹತ್ತಿರದವರನ್ನು ಕಳೆದುಕೊಂಡಿರುವ ಸ್ಥಿತಿ ಅಗಲಿಕೆ. ಆ ಸ್ಥಿತಿಗೆ ಮನಸ್ಸೂ ದೇಹವೂ ತೋರುವ ಪ್ರತಿಕ್ರಿಯೆ ವಿಯೋಗದುಃಖ. ಆ ದುಃಖವನ್ನು ಸಮುದಾಯ ಒಪ್ಪಿದ ರೀತಿಯಲ್ಲಿ ಹೊರಗೆ ತೋರುವ ಕ್ರಮ ಶೋಕಾಚರಣೆ. ಈ ಮೂರರಲ್ಲಿ ಶೋಕಾಚರಣೆಯು ಬಲು ಪ್ರಾಚೀನವಾದದ್ದಾದರೆ, ವಿಯೋಗದುಃಖದ ವ್ಯವಸ್ಥಿತ ಅಧ್ಯಯನಕ್ಕೆ ಸುಮಾರು ಒಂದು ಶತಮಾನದ ಚರಿತ್ರೆಯಷ್ಟೇ ಇದೆ. ಸತ್ತವರೊಂದಿಗಿನ ನಂಟನ್ನು ಕಳಚಿಕೊಳ್ಳುವುದೇ ಗುಣವಾಗುವ ದಾರಿ ಎಂದು ಹೊರಟ ಈ ಅಧ್ಯಯನವು, ಆ ನಂಟನ್ನು ಬೇರೆ ರೂಪದಲ್ಲಿ ಉಳಿಸಿಕೊಂಡೇ ಬದುಕಬಹುದೆಂಬ ನಿಲುವಿಗೆ ಬಂದು ಮುಟ್ಟಿದೆ. ಕನ್ನಡನಾಡಿನ ಮನೆಗಳು ತಿಥಿ, ಮಾಸಿಕ, ಪಿತೃಪಕ್ಷಗಳ ಮೂಲಕ ನಡೆಸಿಕೊಂಡು ಬಂದದ್ದಕ್ಕೆ ಈ ನಿಲುವು ಹತ್ತಿರವಾಗಿದ್ದರೂ, ಆಚರಣೆಗಳು ಯಾರನ್ನು ಹೊರಗಿಟ್ಟವು ಎಂಬುದನ್ನು ಕಾಣಿಸಿಕೊಟ್ಟದ್ದು ಅಧ್ಯಯನವೇ.

ಆಚರಣೆ ಎಂಬ ಮೊದಲ ಆಸರೆ

ಇಲ್ಲಿಯ ಶೋಕಾಚರಣೆಗಳು ಜಾತಿ, ಧರ್ಮ, ಸೀಮೆಗಳಿಗೆ ತಕ್ಕಂತೆ ಭಿನ್ನವಾಗಿದ್ದರೂ, ಅಳತೆಯಿಲ್ಲದ ದುಃಖಕ್ಕೆ ದಿನಗಳ ಅಳತೆ ಹಾಕಿಕೊಡುವುದು ಎಲ್ಲಕ್ಕೂ ಸಮಾನವಾದ ಗುಣವಾಗಿದೆ. ಹಳೆಯ ಮೈಸೂರು ಸೀಮೆಯ ಒಕ್ಕಲು ಸಮುದಾಯಗಳಲ್ಲಿ ಹಾಲು-ತುಪ್ಪ ಮತ್ತು ಹನ್ನೊಂದನೆಯ ದಿನದ ತಿಥಿ, ಬ್ರಾಹ್ಮಣರಲ್ಲಿ ಹತ್ತು ದಿನದ ಸೂತಕ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ, ಆಮೇಲೆ ಮಾಸಿಕಗಳು ಮತ್ತು ವರ್ಷಾಬ್ದಿಕ, ಸೂತಕವನ್ನೇ ಒಪ್ಪದ ಲಿಂಗಾಯತರಲ್ಲಿ ಶಿವಗಣಾರಾಧನೆ, ಮುಸ್ಲಿಮರಲ್ಲಿ ವಿಧವೆಗೆ ವಿಧಿಸಿದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಇವೆಲ್ಲವೂ ಆ ಬಗೆಯ ಅಳತೆಗಳು. ತುಳುನಾಡಿನಲ್ಲಿಯೂ ಕಾಸರಗೋಡಿನಲ್ಲಿಯೂ, ಚಿಕ್ಕಂದಿನಲ್ಲಿಯೇ ತೀರಿಕೊಂಡ ಮಕ್ಕಳಿಗೆ ವರ್ಷಗಳ ನಂತರ, ಅವರು ಬದುಕಿದ್ದರೆ ಮದುವೆಯ ವಯಸ್ಸಿಗೆ ಬರುತ್ತಿದ್ದ ಕಾಲಕ್ಕೆ, ಅಂತೆಯೇ ತೀರಿಕೊಂಡ ಇನ್ನೊಂದು ಮನೆಯ ಮಗುವಿನೊಡನೆ ಸಂಬಂಧ ನೋಡಿ ನಡೆಸುವ ಪ್ರೇತಮದುವೆಯು, ಸತ್ತ ಮಗುವು ಮನೆಯ ಲೆಕ್ಕದಲ್ಲಿ ಬೆಳೆಯುತ್ತಲೇ ಇರುತ್ತದೆ ಎಂಬ ಭಾವನೆಯ ಮೇಲೆ ನಿಂತಿದೆ.

ಸಾವಿನ ಮನೆಯಲ್ಲಿ ಒಲೆ ಹಚ್ಚದಿರುವುದು, ನೆರೆಯವರು ಊಟ ತಂದುಕೊಡುವುದು, ಬಂದವರು ಹೊರಡುವಾಗ "ಹೋಗಿ ಬರ್ತೀವಿ" ಎನ್ನದೆ ಸುಮ್ಮನೆ ಎದ್ದುಹೋಗುವುದು ಇವೂ ಆಚರಣೆಯ ಭಾಗಗಳೇ. ಸಾಂತ್ವನಕ್ಕಾಗಿ ಹೋಗುವುದನ್ನು ಕನ್ನಡದಲ್ಲಿ "ಮಾತಾಡಿಸಿಕೊಂಡು ಬರುವುದು" ಎನ್ನುತ್ತಾರೆ. ಕ್ರಿಯಾಪದದ ಪ್ರೇರಣಾರ್ಥಕ ರೂಪವೇ ಸೂಚಿಸುವಂತೆ ಇಲ್ಲಿ ಮಾತಾಡಬೇಕಾದವರು ನೊಂದವರು. ಬಂದವರ ಕೆಲಸ ಅವರ ಬಾಯಿಂದ ಮಾತು ಹೊರಡಿಸುವುದು. ಮುಂದೆ ಚಿಕಿತ್ಸೆ ಎಂಬ ಹೆಸರಿನಲ್ಲಿ ಶಾಸ್ತ್ರೀಯವಾಗಿ ರೂಪುಗೊಂಡದ್ದರ ಬೀಜ ಈ ಒಂದು ಮಾತಿನಲ್ಲಿದೆ ಎನ್ನಬಹುದು.

ಆದರೆ ಆಚರಣೆ ಬೇರೆ, ದುಃಖ ಬೇರೆ. ಮಂಡ್ಯ ಸೀಮೆಯ ಹಳ್ಳಿಯೊಂದರ ಹನ್ನೊಂದು ದಿನಗಳನ್ನು ಚಿತ್ರಿಸುವ 2015ರ "ತಿಥಿ" ಚಲನಚಿತ್ರದಲ್ಲಿ ಊರಿಗೆ ಊರೇ ಊಟದ ಸಿದ್ಧತೆಯಲ್ಲಿ ತೊಡಗಿರುವಾಗ ಸತ್ತವರ ಮಗ ಅದರ ಗೊಡವೆಯೇ ಇಲ್ಲದೆ ಅಲೆಯುತ್ತಿರುತ್ತಾನೆ. ಮಾಡಬೇಕಾದ ಕರ್ಮವೆಲ್ಲ ಸಾಂಗವಾಗಿ ಮುಗಿದ ಮನೆಯಲ್ಲಿಯೂ ದುಃಖ ಹಾಗೆಯೇ ಉಳಿದಿರಬಹುದೆಂಬುದು ಇದರ ಇನ್ನೊಂದು ಮುಖ.

ನಂಟು ಕಳಚುವ ಸಿದ್ಧಾಂತ

ಈ ಕ್ಷೇತ್ರದ ಮೊದಲ ಗಣ್ಯ ಬರಹವೆಂದು ಎಣಿಸಲಾಗುವುದು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ, ಶೋಕವನ್ನೂ ವಿಷಣ್ಣತೆಯನ್ನೂ ಹೋಲಿಸುವ ಪ್ರಬಂಧ. ಶೋಕವು ಕಾಯಿಲೆಯಲ್ಲವೆಂದೂ, ಸತ್ತವರಲ್ಲಿ ತೊಡಗಿಸಿದ್ದ ಪ್ರೀತಿಯ ಶಕ್ತಿಯನ್ನು ಒಂದೊಂದು ನೆನಪಿನಿಂದಲೂ ಬಿಡಿಸಿಕೊಳ್ಳುವ ಶ್ರಮದ ಕೆಲಸವೆಂದೂ ಅವರು ವಾದಿಸಿದರು. ಆದರೆ 1920ರಲ್ಲಿ ಇನ್‌ಫ್ಲುಯೆಂಜಾಕ್ಕೆ ತುತ್ತಾದ ಮಗಳು ಸೋಫಿಯ ಬಗ್ಗೆ ಒಂಬತ್ತು ವರ್ಷಗಳ ನಂತರ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ, ಆ ಜಾಗವನ್ನು ಬೇರೆ ಯಾವುದೂ ಪೂರ್ತಿಯಾಗಿ ತುಂಬಲಾರದೆಂದು ಅವರೇ ಒಪ್ಪಿಕೊಂಡರು. ಸಿದ್ಧಾಂತಕ್ಕೂ ಅನುಭವಕ್ಕೂ ನಡುವೆ ಹೀಗೆ ಬಿದ್ದ ಬಿರುಕನ್ನು ಶಾಸ್ತ್ರವು ಗಮನಿಸಲು ಇನ್ನೂ ಹಲವು ದಶಕಗಳು ಬೇಕಾದವು.

1942ರ ನವೆಂಬರ್ 28ರಂದು ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ರಾತ್ರಿವಿಹಾರದ ಕ್ಲಬ್ಬಿಗೆ ಬೆಂಕಿ ಬಿದ್ದು 492 ಮಂದಿ ಸತ್ತರು. ಅಲ್ಲಿಯ ಸಂತ್ರಸ್ತರೂ ಸೇರಿದಂತೆ ಅಗಲಿಕೆಗೆ ಒಳಗಾದ 101 ಮಂದಿಯನ್ನು ಕಂಡು ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ಬರೆದ ಲೇಖನವು ದುಃಖದ ದೇಹಲಕ್ಷಣಗಳನ್ನು ಮೊದಲ ಬಾರಿಗೆ ವೈದ್ಯಕೀಯ ಕಣ್ಣಿನಿಂದ ಪಟ್ಟಿಮಾಡಿತು: ಗಂಟಲು ಬಿಗಿಯುವುದು, ಮತ್ತೆಮತ್ತೆ ನಿಟ್ಟುಸಿರು, ಸತ್ತವರ ರೂಪವೇ ಕಣ್ಣಮುಂದೆ ನಿಲ್ಲುವುದು, ತಾನೇ ಉಳಿಸಿಕೊಳ್ಳಲಿಲ್ಲವೆಂಬ ಅಪರಾಧಭಾವ, ಸುತ್ತಲಿನವರ ಮೇಲೆ ಸಿಡಿಮಿಡಿ. ಸತ್ತವರ ಹಿಡಿತದಿಂದ ಬಿಡುಗಡೆ ಪಡೆಯುವುದು ಅವರ ಚಿಕಿತ್ಸೆಯ ಗುರಿಯಾಗಿತ್ತು. ನಾಲ್ಕಾರು ವಾರಗಳಲ್ಲಿ ಎಂಟು-ಹತ್ತು ಭೇಟಿಗಳಲ್ಲಿ ಅದು ಸಾಧ್ಯವೆಂದು ಅವರು ನಂಬಿದ್ದರು.

ಮುಂದೆ ಜಾನ್ ಬೌಲ್ಬಿಯವರು ತಾಯಿ-ಮಗುವಿನ ಬಾಂಧವ್ಯದ ಸಿದ್ಧಾಂತವನ್ನು ಅಗಲಿಕೆಗೂ ಅನ್ವಯಿಸಿ, ಹುಡುಕಾಟ ಮತ್ತು ಹಂಬಲಗಳು ತಾಯಿಯಿಂದ ಬೇರೆಯಾದ ಮಗುವಿನ ಅಳುವಿನಷ್ಟೇ ಸಹಜವೆಂದು ತೋರಿಸಿದರು. ಕಾಲಿನ್ ಮರೆ ಪಾರ್ಕ್ಸ್ ಲಂಡನ್ನಿನ ವಿಧವೆಯರಲ್ಲಿ ಅದನ್ನೇ ಕಂಡರು. 1969ರಲ್ಲಿ ಎಲಿಜಬೆತ್ ಕೂಬ್ಲರ್-ರಾಸ್ ಹೇಳಿದ ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳು ಜನಪ್ರಿಯತೆಯಲ್ಲಿ ಉಳಿದೆಲ್ಲವನ್ನೂ ಮೀರಿಸಿದವು. ಅವರ ಮೂಲ ಆಧಾರ ಸಾಯುತ್ತಿದ್ದ ರೋಗಿಗಳ ಮಾತುಗಳಾಗಿದ್ದವು. ಉಳಿದುಕೊಂಡವರ ದುಃಖಕ್ಕೆ ಅವನ್ನು ಏಣಿಯ ಮೆಟ್ಟಿಲುಗಳಂತೆ ಅನ್ವಯಿಸಿದ್ದರಿಂದ, ಕೋಪವೇ ಬರಲಿಲ್ಲವೆಂದು ತಮ್ಮ ದುಃಖವನ್ನು ತಾವೇ ಸಂಶಯಿಸುವಂತಹ ತೊಡಕು ಹುಟ್ಟಿತು.

ನಂಟು ಉಳಿಸಿಕೊಳ್ಳುವ ಸಿದ್ಧಾಂತ

ಜಪಾನಿನ ವಿಧವೆಯರನ್ನು ಕುರಿತ 1969ರ ಯಮಮೊಟೊ ಮತ್ತು ಸಂಗಡಿಗರ ಅಧ್ಯಯನವು, ಮನೆಯ ಪೂಜಾಪೀಠದ ಮುಂದೆ ತೀರಿಕೊಂಡ ಗಂಡನೊಡನೆ ದಿನವೂ ಮಾತಾಡುವ ಹೆಂಗಸರು ಲಂಡನ್ನಿನ ವಿಧವೆಯರಿಗಿಂತ ಹೆಚ್ಚು ನೆಮ್ಮದಿಯಿಂದಿದ್ದುದನ್ನು ಗುರುತಿಸಿತ್ತು. ಈ ಬಗೆಯ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಗ್ರಂಥವು ನಂಟಿನ ಮುಂದುವರಿಕೆ ಎಂಬ ಪರಿಕಲ್ಪನೆಯನ್ನು ನೆಲೆಗೊಳಿಸಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡು ಅವರ ಕಣ್ಣುಗಳು ದಾನವಾದ ಬಳಿಕ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಏರಿದ್ದು ಇಂತಹ ಮುಂದುವರಿಕೆಗೆ ಸಾರ್ವಜನಿಕ ನಿದರ್ಶನವಾಗಿದೆ.

ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ಇಬ್ಬಗೆಯ ನಡೆಯ ಮಾದರಿಯ ಪ್ರಕಾರ, ದುಃಖಿತರು ಒಮ್ಮೆ ನಷ್ಟದ ಕಡೆಗೂ ಒಮ್ಮೆ ಬ್ಯಾಂಕ್, ಪಿಂಚಣಿ, ಮಕ್ಕಳ ಶಾಲೆಗಳಂತಹ ಬದುಕಿನ ಕಡೆಗೂ ತುಯ್ದಾಡುತ್ತಾರೆ, ಮತ್ತು ಆ ತುಯ್ದಾಟವೇ ಆರೋಗ್ಯದ ಲಕ್ಷಣ. ಒಂದೇ ಮನೆಯ ಇಬ್ಬರು ಒಂದೇ ಹೊತ್ತಿನಲ್ಲಿ ಒಂದೇ ಕಡೆಗೆ ವಾಲದಿರುವುದು ಮನಸ್ತಾಪಕ್ಕೆ ಕಾರಣವಾಗುತ್ತದೆ. ಮಗುವನ್ನು ಕಳೆದುಕೊಂಡ ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರ ನೋಟವನ್ನು ಎದುರಿಸಲಾರದ ಸಂಕಟವನ್ನು ಬೇಂದ್ರೆಯವರು ಕವಿತೆಯಾಗಿಸಿದ್ದರು.

ಕೆನೆತ್ ಡೋಕಾ 1989ರಲ್ಲಿ ಹೆಸರಿಸಿದ "ಮಾನ್ಯತೆಯಿಲ್ಲದ ದುಃಖ" ಎಂಬ ಪರಿಕಲ್ಪನೆಯು ಆಚರಣೆಗಳ ಮಿತಿಯನ್ನು ನೇರವಾಗಿ ಮುಟ್ಟುತ್ತದೆ. ಗರ್ಭಪಾತವಾದ ತಾಯಿ, ಮದುವೆಯಾಗದೆ ಉಳಿದ ಸಂಗಾತಿ, ಸಾಕಿದ ನಾಯಿಯನ್ನು ಕಳೆದುಕೊಂಡ ಒಂಟಿ ವೃದ್ಧರು ಇವರಿಗೆ ಸೂತಕವೂ ಇಲ್ಲ, ಮಾತಾಡಿಸಿಕೊಂಡು ಬರಲು ಯಾರೂ ಹೋಗುವುದೂ ಇಲ್ಲ. ಆತ್ಮಹತ್ಯೆಯಾದ ಮನೆಯಲ್ಲಿ ಅಳುವಿಗಿಂತ ಮೊದಲು ಪೊಲೀಸ್ ಮಹಜರು ಮತ್ತು ಮರಣೋತ್ತರ ಪರೀಕ್ಷೆಗಳು ಬರುತ್ತವೆ, ಬಂದವರ ಮಾತು ವಿಚಾರಣೆಯಾಗುತ್ತದೆ. ಬಳೆ, ಕುಂಕುಮಗಳನ್ನು ತೆಗೆಸುವ ಪದ್ಧತಿ ಇರುವಲ್ಲಿ ವಿಧವೆಯ ಪಾಲಿಗೆ ಆಚರಣೆಯೇ ಎರಡನೆಯ ನಷ್ಟವಾಗುತ್ತದೆ.

ಬೆಂಗಳೂರಿನ ಅಧ್ಯಾಯ

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು; 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. 1981ರ ಫೆಬ್ರವರಿ 7ರಂದು ನಗರದಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಎಚ್.ಎಸ್. ನಾರಾಯಣನ್ ಮತ್ತು ಸಹೋದ್ಯೋಗಿಗಳು ಆ ಮನೆಗಳವರ ದುಃಖವನ್ನು ಅಧ್ಯಯನ ಮಾಡಿ 1987ರಲ್ಲಿ ನಿಮ್ಹಾನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು, ಬಾಸ್ಟನ್ನಿನ ಬೆಂಕಿಯಿಂದ ಹುಟ್ಟಿದ ವಿದ್ಯೆಗೆ ಬೆಂಗಳೂರಿನ ಬೆಂಕಿ ನೀಡಿದ ಉತ್ತರದಂತಿದೆ. ಭೋಪಾಲ್ ಅನಿಲ ದುರಂತದ ನಂತರ ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮುಂತಾದವರು ಸಾಮಾನ್ಯ ವೈದ್ಯರಿಗಾಗಿ ಸಿದ್ಧಪಡಿಸಿದ ಕೈಪಿಡಿಯು, ಮನಸ್ಸಿನ ಆರೈಕೆಯನ್ನು ತಜ್ಞರ ಕೋಣೆಯಿಂದ ಹೊರಗೆ ತರುವ ಭಾರತೀಯ ಮಾದರಿಗೆ ಬುನಾದಿಗಳಲ್ಲೊಂದಾಯಿತು.

ಈ ತಿಳಿವು ಕನ್ನಡಕ್ಕೆ ಇಳಿದುದರ ಹಿಂದೆಯೂ ಒಂದು ಪರಂಪರೆಯಿದೆ. "ಕೊರವಂಜಿ" ಹಾಸ್ಯಪತ್ರಿಕೆಯ ಸಂಪಾದಕರಾಗಿದ್ದ ವೈದ್ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ತಮ್ಮ "ಮನಮಂಥನ" ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನೋರೋಗಗಳ ಬಗ್ಗೆ ನೂರಾರು ಪುಸ್ತಿಕೆಗಳನ್ನು ಸರಳ ಕನ್ನಡದಲ್ಲಿ ಬರೆದ ಸಿ.ಆರ್. ಚಂದ್ರಶೇಖರ್ ನಿವೃತ್ತಿಯ ಬಳಿಕ ದಕ್ಷಿಣ ಬೆಂಗಳೂರಿನ ಅರೆಕೆರೆಯಲ್ಲಿ "ಸಮಾಧಾನ" ಎಂಬ ಉಚಿತ ಆಪ್ತಸಲಹಾ ಕೇಂದ್ರವನ್ನು ನಡೆಸಿದರು. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ "ಕರುಣಾಶ್ರಯ"ವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತ, ಸಾವಿಗಿಂತ ಮೊದಲೇ ಮನೆಯವರಲ್ಲಿ ಆರಂಭವಾಗುವ ದುಃಖವನ್ನೂ ಆರೈಕೆಯ ವ್ಯಾಪ್ತಿಗೆ ತಂದಿತು.

2021ರ ಕೋವಿಡ್ ಎರಡನೆಯ ಅಲೆಯು ಆಚರಣೆಯ ಆಸರೆಗಳನ್ನೆಲ್ಲ ಒಮ್ಮೆಗೇ ಕಿತ್ತುಕೊಂಡಿತು. ಮುಖ ನೋಡುವುದಕ್ಕೂ ಸ್ನಾನ ಮಾಡಿಸುವುದಕ್ಕೂ ಅವಕಾಶವಿಲ್ಲದೆ, ಮೊಹರು ಮಾಡಿದ ಚೀಲಗಳಲ್ಲಿ ದೇಹಗಳು ನೇರವಾಗಿ ಚಿತಾಗಾರಕ್ಕೆ ಹೋದವು. ಯಾರೂ ಒಯ್ಯದೆ ಉಳಿದ, ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಆ ವರ್ಷದ ಜೂನಿನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಸರ್ಕಾರದ ಪರವಾಗಿ ಕಂದಾಯ ಸಚಿವರು ಕಾವೇರಿಯಲ್ಲಿ ವಿಸರ್ಜಿಸಿದರು. ಮಡಕೆಗಳ ಮೇಲೆ ಹೆಸರಿತ್ತು, ತೆಗೆದುಕೊಂಡು ಹೋಗುವ ಕೈಗಳು ಆಸ್ಪತ್ರೆಯಲ್ಲಿಯೋ ಪ್ರತ್ಯೇಕವಾಸದಲ್ಲಿಯೋ ಭಯದಲ್ಲಿಯೋ ಇದ್ದವು.

ಕಾಯಿಲೆ ಯಾವುದು, ಚಿಕಿತ್ಸೆ ಏನು

ಬಹುಪಾಲು ಜನರ ವಿಯೋಗದುಃಖಕ್ಕೆ ಚಿಕಿತ್ಸೆ ಬೇಕಿಲ್ಲ. ಅಗಲಿಕೆಯಾದ ಎಲ್ಲರಿಗೂ ಸಾರಾಸಗಟಾಗಿ ಆಪ್ತಸಲಹೆ ಕೊಡುವುದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲವೆಂದೂ, ತೊಡಕಿಗೆ ಸಿಕ್ಕವರಿಗೆ ಅದು ನಿಜವಾಗಿ ನೆರವಾಗುತ್ತದೆಂದೂ 2008ರ ಒಂದು ಸಮಗ್ರ ವಿಶ್ಲೇಷಣೆ ತೋರಿಸಿತು. 2017ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ಸಹಜ ಕಾರಣಗಳಿಂದ ಆಪ್ತರನ್ನು ಕಳೆದುಕೊಂಡ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಇಂತಹ ತೊಡಕಿಗೆ ಸಿಕ್ಕುತ್ತಾರೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯು ಇದನ್ನು ದೀರ್ಘಕಾಲಿಕ ವಿಯೋಗದುಃಖದ ಕಾಯಿಲೆ ಎಂದು ಹೆಸರಿಸಿತು: ತೀವ್ರ ಹಂಬಲವು ಆರು ತಿಂಗಳಿಗೂ ಮೀರಿ, ಆಯಾ ಸಮಾಜದ ರೂಢಿಗೂ ಮಿಗಿಲಾಗಿ ಉಳಿದು, ನಿತ್ಯದ ಬದುಕನ್ನು ಕೆಡಿಸುತ್ತಿದ್ದರೆ ಅದು ಕಾಯಿಲೆ. ಅದೇ ವರ್ಷ ಅಮೆರಿಕದ ಮನೋವೈದ್ಯರ ಸಂಘವು ವಯಸ್ಕರಿಗೆ ಹನ್ನೆರಡು ತಿಂಗಳ ಗಡಿ ಹಾಕಿತು. ದುಃಖವನ್ನು ರೋಗವಾಗಿಸಲಾಗುತ್ತಿದೆ ಎಂಬ ಆಕ್ಷೇಪ ಇನ್ನೂ ನಿಂತಿಲ್ಲವಾದರೂ, ವರ್ಷಾಬ್ದಿಕದವರೆಗಿನ ಕಾಲವನ್ನು ಶೋಕಕ್ಕೆಂದೇ ಬಿಟ್ಟುಕೊಟ್ಟ ಇಲ್ಲಿಯ ಪದ್ಧತಿಗೂ ಆ ಹನ್ನೆರಡು ತಿಂಗಳ ಗಡಿಗೂ ಇರುವ ಹೊಂದಾಣಿಕೆ ಗಮನಾರ್ಹವಾಗಿದೆ.

ಕ್ಯಾಥರೀನ್ ಶಿಯರ್ ರೂಪಿಸಿದ ಹದಿನಾರು ಭೇಟಿಗಳ ಚಿಕಿತ್ಸೆಗೆ 2005ರ ಪರೀಕ್ಷೆಯಲ್ಲಿ ಶೇ. 51ರಷ್ಟು ಮಂದಿ ಸ್ಪಂದಿಸಿದರೆ, ಅಂತರ್‌ವ್ಯಕ್ತಿ ಸಂಬಂಧಗಳ ಮೇಲೆ ಗಮನವಿಡುವ ಇನ್ನೊಂದು ಚಿಕಿತ್ಸೆಗೆ ಶೇ. 28ರಷ್ಟು ಮಂದಿ ಸ್ಪಂದಿಸಿದರು. ಶಿಯರ್ ಅವರ ಚಿಕಿತ್ಸೆಯಲ್ಲಿ ದುಃಖಿತರು ಕಣ್ಣು ಮುಚ್ಚಿ, ಸಾವಿನ ಸುದ್ದಿ ಮುಟ್ಟಿದ ಗಳಿಗೆಯನ್ನು ವರ್ತಮಾನ ಕಾಲದಲ್ಲಿಯೇ ಗಟ್ಟಿಯಾಗಿ ಹೇಳುತ್ತಾರೆ. ಧ್ವನಿಮುದ್ರಿಸಿಕೊಂಡ ಆ ಮಾತನ್ನು ಮನೆಯಲ್ಲಿ ದಿನವೂ ಕೇಳುತ್ತಾರೆ. ಮುಂದೊಂದು ಭೇಟಿಯಲ್ಲಿ ತೀರಿಕೊಂಡವರೊಡನೆ ಮಾತಾಡಿ, ಅವರ ಪರವಾಗಿ ತಾವೇ ಉತ್ತರ ಕೊಡುತ್ತಾರೆ. ಜೊತೆಜೊತೆಗೆ ಬಿಟ್ಟುಬಿಟ್ಟಿದ್ದ ಜಾಗ ಮತ್ತು ಕೆಲಸಗಳ ಕಡೆಗೆ ಮರಳುವ ಅಭ್ಯಾಸ ನಡೆಯುತ್ತದೆ. ಖಿನ್ನತೆಯ ಔಷಧವು ಜೊತೆಗಿರುವ ಖಿನ್ನತೆಯನ್ನು ತಗ್ಗಿಸಿದರೂ ವಿಯೋಗದುಃಖಕ್ಕೆ ಮಾತಿನ ಚಿಕಿತ್ಸೆಯೇ ಮುಖ್ಯವೆಂದು 2016ರ ಪರೀಕ್ಷೆಯು ಸೂಚಿಸಿತು.

ಕತ್ರಿಗುಪ್ಪೆಯಿಂದ ಚಿಕಿತ್ಸೆಗೆ ಇರುವ ದೂರ

ಹಳ್ಳಿಯಾಗಿದ್ದು ಬನಶಂಕರಿ ಮೂರನೆಯ ಹಂತದೊಳಗೆ ಸೇರಿಹೋದ ಕತ್ರಿಗುಪ್ಪೆಯಂತಹ ಕಡೆಗಳಲ್ಲಿ ಹಳೆಯ ಮನೆತನಗಳೂ ವಲಸೆ ಬಂದ ಸಂಸಾರಗಳೂ ಒಂದೇ ಬೀದಿಯಲ್ಲಿವೆ. ಒಂದು ಮನೆಯ ಮುಂದೆ ಶಾಮಿಯಾನ ಹಾಕಿ ಬೀದಿಗೆ ಬೀದಿಯೇ ನೆರೆದರೆ, ಪಕ್ಕದ ಅಪಾರ್ಟ್‌ಮೆಂಟಿನ ಬಾಡಿಗೆ ಮನೆಯವರು ಅಪರಕರ್ಮಕ್ಕೆ ಬೇರೆ ಜಾಗ ಹುಡುಕಿ ಹೊರಡುತ್ತಾರೆ. ಇಲ್ಲಿಂದ ನಿಮ್ಹಾನ್ಸ್ ಮತ್ತು ಅದರ ಬಿಟಿಎಂ ಲೇಔಟಿನ ಕ್ಷೇಮಪಾಲನಾ ಕೇಂದ್ರ ಎರಡೂ ಸುಮಾರು ಹತ್ತು ಕಿಲೋಮೀಟರಿನೊಳಗೇ ಇದ್ದರೂ ಮನಸ್ಸಿನ ದೂರ ಅಷ್ಟು ಕಡಿಮೆಯಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಸಾಮಾನ್ಯ ಮನೋರೋಗಗಳಿರುವವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆ ದೊರೆಯುತ್ತಿಲ್ಲವೆಂದು ಕಂಡಿತ್ತು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುನ್ನಡೆಸುವ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತಾಡಬಹುದಾದ್ದರಿಂದ ಆ ದೂರ ಸ್ವಲ್ಪ ತಗ್ಗಿದೆ. ಖಾಸಗಿಯಾಗಿ ನೆರವು ಹುಡುಕುವವರು ಚಿಕಿತ್ಸಕರಿಗೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರೆಂಬ ಅರ್ಹತೆಯಿದೆಯೇ ಎಂಬುದನ್ನೂ, ಅಳು ಬರುವ ಭಾಷೆಯಲ್ಲಿಯೇ ಅವರೊಡನೆ ಮಾತಾಡಲು ಸಾಧ್ಯವೇ ಎಂಬುದನ್ನೂ ಮೊದಲೇ ವಿಚಾರಿಸುವುದು ಒಳ್ಳೆಯದು.

ನೂರು ವರ್ಷಗಳ ಈ ಅಧ್ಯಯನದ ಫಲವನ್ನು ಒಂದು ಬೀದಿಯ ಮಟ್ಟಿಗೆ ಇಳಿಸಿ ಹೇಳುವುದಾದರೆ, ಮುಖ್ಯವಾಗುವುದು ವೈಕುಂಠ ಸಮಾರಾಧನೆಯ ಮರುದಿನ. ಶಾಮಿಯಾನ ಬಿಚ್ಚಿ, ಬಾಡಿಗೆ ಕುರ್ಚಿಗಳು ಟೆಂಪೊ ಏರಿ, ಊರಿಂದ ಬಂದವರು ಬಸ್ಸು ಹಿಡಿದ ಮೇಲೆ ಆ ಮನೆಯಲ್ಲಿ ಯಾರು ಉಳಿದರು, ಆರು ತಿಂಗಳ ನಂತರ ಅವರು ಉಣ್ಣುತ್ತಿದ್ದಾರೆಯೇ, ಮಲಗುತ್ತಿದ್ದಾರೆಯೇ, ಸತ್ತವರ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದಾರೆಯೇ ಎಂದು ನೋಡಿಬರುವವರು ಬೇಕು. ಆ ಎರಡನೆಯ ಬಾರಿ ಹೋಗಿ ಮಾತಾಡಿಸಿಕೊಂಡು ಬರುವ ಕೆಲಸವನ್ನು ನೆಂಟರೂ ನೆರೆಯವರೂ ಮಾಡಬಹುದಾದಷ್ಟು ಕಾಲ ಅದು ಅವರದೇ. ಅವರ ಮಾತು ಸಾಲದಾದಾಗ ಅದನ್ನು ವಹಿಸಿಕೊಳ್ಳುವ ವಿದ್ಯೆಗೆ ಚಿಕಿತ್ಸೆ ಎಂದು ಹೆಸರು.