ನಿರಾಶ್ರಿತ ಎಂಬ ಹಣೆಪಟ್ಟಿ

‘ನಿರಾಶ್ರಿತ’ ಎಂಬ ಮಾತನ್ನು ಕನ್ನಡಿಗರು ಧಾರಾಳವಾಗಿ ಬಳಸುತ್ತಾರೆ. ಕೃಷ್ಣೆಗೋ ಕಾವೇರಿಗೋ ನೆರೆ ಬಂದು ಊರು ಮುಳುಗಿದರೆ ಗಂಜಿ ಕೇಂದ್ರಕ್ಕೆ ಬಂದವರೆಲ್ಲ ನೆರೆ ನಿರಾಶ್ರಿತರು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವ ಜಾಗದ ಹೆಸರೂ ನಿರಾಶ್ರಿತರ ಪರಿಹಾರ ಕೇಂದ್ರ. ಬೈಲಕುಪ್ಪೆಯ ಟಿಬೆಟನ್ನರು ನಿರಾಶ್ರಿತರು; ಬಾಂಬಿಗೆ ಹೆದರಿ ಮಗುವನ್ನೆತ್ತಿಕೊಂಡು ಪೋಲೆಂಡಿನ ಗಡಿ ದಾಟಿದ ಉಕ್ರೇನಿನ ತಾಯಿಯೂ ಮರುದಿನದ ಪತ್ರಿಕೆಯಲ್ಲಿ ನಿರಾಶ್ರಿತೆ. ಯಾಕೆ ಮನೆ ಬಿಟ್ಟರು, ಯಾವ ಗಡಿ ದಾಟಿದರು ಎಂದು ಈ ಪದ ಕೇಳುವುದಿಲ್ಲ. ಆಸರೆ ಇಲ್ಲದಿದ್ದರೆ ಸಾಕು. ತಮಿಳಿನ ‘ಅಗತಿ’ಯೂ ಹೀಗೆಯೇ. ಗತಿ ಇಲ್ಲದವನು ಅಗತಿ. ಆ ಪದ ಕನ್ನಡದ ಕಿವಿಗೆ ಅರ್ಥ ಹೇಳದೆಯೂ ತಿಳಿಯುತ್ತದೆ.

ಕಾನೂನಿಗೆ ಇಷ್ಟು ಉದಾರತೆ ಇಲ್ಲ. ವಿಶ್ವಸಂಸ್ಥೆಯ 1951ರ ಒಡಂಬಡಿಕೆಯ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳದ ಭಯವಿದ್ದು, ಸ್ವದೇಶದಿಂದ ಹೊರಗಿರುವವರು ಮಾತ್ರ ನಿರಾಶ್ರಿತರು. ಅದನ್ನು ಬರೆದದ್ದು ಎರಡನೇ ಮಹಾಯುದ್ಧದಲ್ಲಿ ಚದುರಿಹೋದ ಯುರೋಪಿನ ಜನರನ್ನು ಕಣ್ಣಮುಂದೆ ಇಟ್ಟುಕೊಂಡು. ಹಾಗಾಗಿ 1951ರ ಜನವರಿ 1ಕ್ಕೆ ಮುಂಚಿನ ಘಟನೆಗಳಿಗಷ್ಟೇ ಅದು ಅನ್ವಯಿಸುತ್ತಿತ್ತು. ಈ ಮಿತಿಯನ್ನು ತೆಗೆದದ್ದು 1967ರ ಪ್ರೋಟೊಕಾಲ್. ಭಾರತ ಎರಡಕ್ಕೂ ಸೇರಿಲ್ಲ. ಬಂದವರನ್ನು ಏನೆಂದು ಕರೆಯಬೇಕು, ಅವರ ಕೈಗೆ ಯಾವ ಕಾಗದ ಕೊಡಬೇಕು ಎಂಬುದನ್ನು ಇಲ್ಲಿ ಆಯಾ ಕಾಲದ ಸರ್ಕಾರ, ಆಯಾ ಕಾಲದ ನೆರೆಹೊರೆಯ ರಾಜಕಾರಣ ತೀರ್ಮಾನಿಸುತ್ತ ಬಂದಿವೆ.

ಇದರ ಫಲ ಏನೆಂದು ನೋಡಬೇಕಾದರೆ ನೀಲಗಿರಿ ಹತ್ತಬೇಕು.

ಹೊರಗಿಂದ ಬಂದವರಿಗೆ ಹೆಸರಿಡುವುದು ಈ ಬೆಟ್ಟಕ್ಕೆ ಹೊಸದಲ್ಲ. ಕನ್ನಡಕ್ಕೆ ಒಡಹುಟ್ಟಿನಂತಿರುವ ಭಾಷೆಯನ್ನಾಡುವ ಬಡಗರ ಹೆಸರಿನಲ್ಲೇ ದಿಕ್ಕಿದೆ: ಬಡಗು ಎಂದರೆ ಉತ್ತರ. ವಿಜಯನಗರ ಬಿದ್ದ ಮೇಲಿನ ಗಲಭೆಯ ಕಾಲದಲ್ಲಿ ಮೈಸೂರು ಸೀಮೆಯಿಂದ ಬೆಟ್ಟ ಏರಿದವರು ಇವರು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದನ್ನು ಒಪ್ಪದೆ, ತಾವು ಈ ನೆಲದವರೇ ಎನ್ನುವವರು ಸಮುದಾಯದಲ್ಲಿದ್ದಾರೆ. ಉದಕಮಂಡಲದ ಸಸ್ಯೋದ್ಯಾನದ ಹತ್ತಿರ ಸ್ವೆಟರು, ಶಾಲು ಮಾರುವ ಟಿಬೆಟನ್ನರ ಸಾಲು ಅಂಗಡಿಗಳಿವೆ. ಪ್ರವಾಸಿಗರು ಅದನ್ನು ಟಿಬೆಟನ್ ಮಾರ್ಕೆಟ್ ಎನ್ನುತ್ತಾರೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯ ದಾಟಿದ ಜನರ ಮಕ್ಕಳು ಮೊಮ್ಮಕ್ಕಳ ಪೈಕಿ ಅನೇಕರ ಕೈಯಲ್ಲಿರುವುದು ‘ಆರ್‌ಸಿ’, ವಿದೇಶಿಯರ ನೋಂದಣಿ ಪತ್ರ. ಅದೇ ಊರಿನಿಂದ ಕೂನೂರು, ಕೋಟಗಿರಿ, ಗೂಡಲೂರಿನ ಕಡೆ ಹೊರಟರೆ ಚಹಾ ತೋಟಗಳಲ್ಲಿ ಸಿಗುವವರು ‘ಸಿಲೋನ್‌ಕಾರರು’. ಅವರೂ ಗಡಿ ದಾಟಿಯೇ ಬಂದವರು, ಆದರೆ ಕಾಗದದ ಮೇಲೆ ಭಾರತದ ಪೌರರು. ಸರ್ಕಾರದ ಭಾಷೆಯಲ್ಲಿ ಅವರು ‘ತಾಯಗಂ ತಿರುಂಬಿಯೋರ್’, ಅಂದರೆ ತಾಯ್ನಾಡಿಗೆ ಮರಳಿದವರು.

ಈ ‘ಮರಳಿದವರು’ ಎಂಬ ಪದ ಎಲ್ಲಿಂದ ಬಂತು ಎಂಬುದು ನಿಂತು ನೋಡಬೇಕಾದ ಕಥೆ.

ಬ್ರಿಟಿಷರು ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸ್ ಪ್ರಾಂತ್ಯದ ಬಡ ತಮಿಳರನ್ನು ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಕಾಫಿ ತೋಟಗಳಿಗೆ ಕರೆದೊಯ್ದರು. 1869ರಲ್ಲಿ ಕಾಣಿಸಿಕೊಂಡ ತುಕ್ಕು ರೋಗ ಕಾಫಿಯನ್ನು ತಿಂದುಹಾಕಿತು; ಬೆಟ್ಟಗಳೆಲ್ಲ ಚಹಾಕ್ಕೆ ತಿರುಗಿದವು. ಕೂಲಿಯವರು ಅಲ್ಲೇ ಉಳಿದರು, ಮಕ್ಕಳು ಮೊಮ್ಮಕ್ಕಳಾದರು. 1948ರ ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯ್ದೆ ತಂದೆಯೋ ಅಜ್ಜನೋ ಅಲ್ಲಿ ಹುಟ್ಟಿದ್ದಕ್ಕೆ ಪುರಾವೆ ಕೇಳಿತು. ತೋಟದ ಲೈನ್ ಮನೆಗಳಲ್ಲಿ ಹುಟ್ಟಿದವರ ಬಳಿ ಅಂಥ ಕಾಗದ ಎಲ್ಲಿಂದ ಬರಬೇಕು? ಸುಮಾರು ಏಳು ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. ನೆಹರೂ ಅವರು ಇವರನ್ನು ಭಾರತದ ಪೌರರೆಂದು ಒಪ್ಪಲು ಸಿದ್ಧರಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರು ಆ ದೇಶದವರೇ ಎಂಬುದು ಅವರ ನಿಲುವು. ಆ ನಿಲುವೇ ನ್ಯಾಯದ್ದಾಗಿತ್ತು.

ಅದು ಬದಲಾದದ್ದು ಪ್ರಪಂಚ ಬದಲಾದದ್ದರಿಂದ. 1962ರಲ್ಲಿ ಚೀನಾದೊಂದಿಗೆ ಯುದ್ಧವಾಯಿತು. ನೆರೆಯವರ ಸ್ನೇಹ ಭಾರತಕ್ಕೆ ತುರ್ತಾಗಿ ಬೇಕಾಯಿತು. ಯುದ್ಧದ ನಂತರ ಎರಡೂ ದೇಶಗಳ ನಡುವೆ ಸಂಧಾನಕ್ಕೆ ಕೊಲಂಬೊದಲ್ಲಿ ಸಭೆ ಕರೆದವರು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ. 1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ದೆಹಲಿಯಲ್ಲಿ ಒಪ್ಪಂದಕ್ಕೆ ಬಂದರು. 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ ಒಂದೂವರೆ ಲಕ್ಷ ಮುಂದಿನ ಮಾತು. ಹತ್ತು ವರ್ಷದ ಮೇಲೆ, 1974ರಲ್ಲಿ, ಇಂದಿರಾ ಗಾಂಧಿ ಮತ್ತು ಸಿರಿಮಾವೊ ಆ ಉಳಿಕೆಯನ್ನು ತಲಾ 75,000ದಂತೆ ಹಂಚಿಕೊಂಡರು. ಆಸ್ತಿ ಪಾಲು ಮಾಡಿದ ಹಾಗೆ ಜನರ ಪಾಲಾಯಿತು. ತೋಟದ ಕಾರ್ಮಿಕರ ದೊಡ್ಡ ನಾಯಕರಾಗಿದ್ದ ಎಸ್. ತೊಂಡಮಾನ್, ತಮ್ಮ ಜನರನ್ನು ಕೇಳದೆ ಮಾಡಿದ ಒಪ್ಪಂದ ಇದೆಂದು ಪ್ರತಿಭಟಿಸಿದರು.

ಒಪ್ಪಂದವಾಗಿ ಎರಡು ತಿಂಗಳೊಳಗೆ, ಡಿಸೆಂಬರ್ 22ರ ರಾತ್ರಿ, ಚಂಡಮಾರುತ ಧನುಷ್ಕೋಡಿಯನ್ನು ಅಳಿಸಿಹಾಕಿತು. ಸಿಲೋನಿನ ತಲೈಮನ್ನಾರಿನಿಂದ ಅಲ್ಲಿಗೆ ಬರುತ್ತಿದ್ದ ಹಡಗು ಆಮೇಲೆ ರಾಮೇಶ್ವರದ ದಡಕ್ಕೆ ಬರತೊಡಗಿತು. ಇಳಿದವರು ಮೊದಲು ಕಾಲಿಡುತ್ತಿದ್ದದ್ದು ಮಂಡಪಂ ಶಿಬಿರದಲ್ಲಿ. ಒಂದು ಕಾಲದಲ್ಲಿ ಇವರ ಅಜ್ಜ ಮುತ್ತಜ್ಜಂದಿರನ್ನು ತೋಟಗಳಿಗೆ ಸಾಗಿಸುವ ಮುಂಚೆ ರೋಗರುಜಿನದ ತಪಾಸಣೆಗೆಂದು ಸಿಲೋನ್ ಸರ್ಕಾರ ಕಟ್ಟಿಸಿದ ಶಿಬಿರವದು. ಹೀಗೆ ಬಂದವರಲ್ಲಿ ಬಹುಪಾಲು ಜನ ಭಾರತವನ್ನು ಅದೇ ಮೊದಲು ನೋಡುತ್ತಿದ್ದರು. ಹುಟ್ಟಿದ ದೇಶ ಬಿಟ್ಟು ಬಂದವರಿಗೆ ‘ತಾಯ್ನಾಡಿಗೆ ಮರಳಿದವರು’ ಎಂದು ಹೆಸರಾಯಿತು. ಎಂದೂ ಹೋಗದ ಊರಿಗೆ ಮರಳುವುದು ಹೇಗೆ? ಆದರೆ ಅದೇ ಹೆಸರು ಅವರ ಕೈಗೆ ಪಾಸ್‌ಪೋರ್ಟ್ ಕೊಟ್ಟಿತು, ಮತ ಕೊಟ್ಟಿತು, ಕೆಲಸ ಕೊಟ್ಟಿತು.

ಕೆಲಸವೆಂದರೆ ಚಹಾ. 1968ರಲ್ಲಿ ತಮಿಳುನಾಡು ಸರ್ಕಾರ ಇವರಿಗಾಗಿಯೇ ನೀಲಗಿರಿಯ ಅರಣ್ಯ ಭೂಮಿಯಲ್ಲಿ ಚಹಾ ನೆಡಿಸಲು ಶುರುಮಾಡಿತು. 1975ರಲ್ಲಿ ಅದು ತಮಿಳುನಾಡು ಟೀ ಪ್ಲಾಂಟೇಷನ್ ಕಾರ್ಪೊರೇಷನ್ ಆಯಿತು, ಜನರ ಬಾಯಲ್ಲಿ ‘ಟ್ಯಾನ್‌ಟೀ’. ಕಚೇರಿ ಕೂನೂರಿನಲ್ಲಿ, ತೋಟಗಳು ಕೋಟಗಿರಿ, ಗೂಡಲೂರು, ಪಂದಲೂರು, ಚೇರಂಗೋಡು ಮತ್ತು ಪಕ್ಕದ ಜಿಲ್ಲೆಯ ವಾಲ್ಪಾರೈವರೆಗೆ. ಬಯಲುಸೀಮೆಯಲ್ಲಿ ಸಣ್ಣ ವ್ಯಾಪಾರದ ಸಾಲ ಪಡೆದು ಕೈಸುಟ್ಟುಕೊಂಡ ಕುಟುಂಬಗಳೂ, ಕೊಳುಂದು, ಅಂದರೆ ಚಹಾದ ಎಳೆ ಚಿಗುರು, ಕೀಳುವುದೊಂದೇ ಗೊತ್ತಿದ್ದರಿಂದ, ಬಸ್ಸು ಹತ್ತಿ ಈ ಬೆಟ್ಟಕ್ಕೇ ಬಂದವು. ಕರ್ನಾಟಕವೂ ಒಂದು ಪಾಲು ಹೊತ್ತುಕೊಂಡಿತು. ಪುತ್ತೂರು, ಸುಳ್ಯದ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳ ಪಕ್ಕ ‘ಸಿ.ಆರ್.ಸಿ. ಕಾಲೊನಿ’ ಎಂಬ ಹೆಸರು ಕೇಳಿದವರಿಗೆ ಅದು ಸಿಲೋನ್ ರಿಪ್ಯಾಟ್ರಿಯೇಟ್ಸ್ ಕಾಲೊನಿ ಎಂಬುದು ಎಷ್ಟೋ ಸಲ ಗೊತ್ತಿರುವುದಿಲ್ಲ.

ಗೂಡಲೂರಿನಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೊಸಬರಿಗೆ ಕೊಟ್ಟ ಕಾಡು ಬರಿದಾಗಿರಲಿಲ್ಲ. ಪಣಿಯರು, ಕಾಟ್ಟುನಾಯಕರು, ಬೆಟ್ಟಕುರುಬರು, ಮುಳ್ಳುಕುರುಂಬರು ಬದುಕುತ್ತಿದ್ದ ಸೀಮೆಯದು. ನಿಲಂಬೂರು ಕೋವಿಲಗಂ ಎಂಬ ಅರಸುಮನೆತನದ ಜನ್ಮಂ ಒಡೆತನವನ್ನು, ಅಂದರೆ ವಂಶಪಾರಂಪರ್ಯದ ಭೂಹಕ್ಕನ್ನು, ರದ್ದುಮಾಡಲು 1969ರಲ್ಲೇ ಕಾಯ್ದೆ ಬಂದರೂ ಸಾವಿರಾರು ಎಕರೆಯ ಹಕ್ಕು ಇತ್ಯರ್ಥವಾಗದೆ ಉಳಿಯಿತು. ಆ ನೆಲದಲ್ಲಿ ಮನೆ ಕಟ್ಟಿಕೊಂಡ ಸಿಲೋನ್‌ಕಾರರಿಗೂ, ಕೇರಳದಿಂದ ಬಂದ ರೈತರಿಗೂ ಇವತ್ತಿಗೂ ಪಟ್ಟಾ ಇಲ್ಲದ ಚಿಂತೆ. ತಾತನ ಕಾಲದ ಕಾಡಿನಲ್ಲೇ ಅಂಚಿಗೆ ಸರಿದುಹೋದ ಆದಿವಾಸಿಗೆ ಸರ್ಕಾರ ಇಂಥ ಯಾವ ಹೆಸರನ್ನೂ ಕೊಡಲಿಲ್ಲ. ಕನ್ನಡದ ಧಾರಾಳ ಅರ್ಥದಲ್ಲಿ ನೋಡಿದರೆ, ಗಡಿ ದಾಟದೆಯೇ ನಿರಾಶ್ರಿತರಾದವರು ಅವರು.

ಒಪ್ಪಂದದ ಗುರಿ ಪೂರ್ತಿ ಮುಟ್ಟಲಿಲ್ಲ. 1983ರ ಜುಲೈನಲ್ಲಿ, ತಮಿಳರ ಮೇಲಿನ ಹಿಂಸಾಚಾರದಲ್ಲಿ, ಕೊಲಂಬೊ ಹೊತ್ತಿ ಉರಿಯಿತು. ಮರುವರ್ಷದ ಹೊತ್ತಿಗೆ ರಾಮೇಶ್ವರದ ಹಡಗು ನಿಂತುಹೋಯಿತು. ಭಾರತದ ಪೌರತ್ವ ಸಿಕ್ಕಿದ್ದ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಆಚೆ ದಡದಲ್ಲೇ ಉಳಿದರು. ದೋಣಿ ಹಿಡಿದು ಈಚೆ ಬಂದವರ ಗುಂಪಿನಲ್ಲಿ ಜಾಫ್ನಾದ ತಮಿಳರ ಜೊತೆ ಸಿಲೋನ್ ಬೆಟ್ಟಗಳ ಇದೇ ತೋಟದ ಜನರೂ ಇದ್ದರು. ಎಪ್ಪತ್ತರ ದಶಕದ ಗಲಭೆಗಳಿಗೆ ಹೆದರಿ ತೋಟ ಬಿಟ್ಟು ವವುನಿಯಾ ಕಡೆಗೆ ಹೋಗಿದ್ದವರು, ಅಲ್ಲಿಯೂ ಯುದ್ಧ ಬಂದಾಗ ಸಮುದ್ರಕ್ಕಿಳಿದರು. ಅದೇ ತೋಟ, ಅದೇ ಲೈನ್ ಮನೆ, ಬಹುಶಃ ಒಂದೇ ತಾಯಿಯ ಮಕ್ಕಳು. ಅಣ್ಣ ಎಪ್ಪತ್ತರಲ್ಲಿ ಹಡಗಿನಲ್ಲಿ ಬಂದಿದ್ದರೆ ‘ಮರಳಿದವನು’. ತಮ್ಮ ಎಂಬತ್ತೈದರಲ್ಲಿ ದೋಣಿಯಲ್ಲಿ ಬಂದಿದ್ದರೆ ‘ಅಗತಿ’. ಅಣ್ಣನ ಮಗ ಕೋಟಗಿರಿಯಲ್ಲಿ ಮತ ಹಾಕುತ್ತಾನೆ. ತಮ್ಮನ ಮಗ ಬೆಟ್ಟದ ತಪ್ಪಲಿನ ಭವಾನಿಸಾಗರ ಶಿಬಿರದಲ್ಲಿ ತಿಂಗಳ ಸಹಾಯಧನಕ್ಕೆ ಸಹಿ ಹಾಕುತ್ತಾನೆ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಶ್ರೀಲಂಕಾದ ತಮಿಳು ಉಗ್ರರಿಂದ ರಾಜೀವ್ ಗಾಂಧಿ ಹತ್ಯೆಯಾದ ಮೇಲಂತೂ ‘ಅಗತಿ’ ಎಂಬ ಪದಕ್ಕೆ ಅನುಮಾನವೂ ಅಂಟಿಕೊಂಡಿತು. ಶಿಬಿರದ ಕಟ್ಟುಪಾಡುಗಳು ಬಿಗಿಯಾದವು.

ಅದೇ 1991 ಬೆಟ್ಟದ ಮೇಲಿನ ಅಣ್ಣನನ್ನೂ ಬಿಡಲಿಲ್ಲ. ಸೋವಿಯತ್ ಒಕ್ಕೂಟ ಒಡೆಯಿತು, ಭಾರತದ ಚಹಾದ ದೊಡ್ಡ ಗಿರಾಕಿ ಇಲ್ಲವಾಯಿತು, ತೊಂಬತ್ತರ ದಶಕದ ಕೊನೆಗೆ ನೀಲಗಿರಿಯ ಹಸಿರೆಲೆಯ ಬೆಲೆ ಕುಸಿಯಿತು. ಟ್ಯಾನ್‌ಟೀ ನಷ್ಟದಲ್ಲಿ ಸಿಕ್ಕಿಕೊಂಡಿತು. 2022ರಲ್ಲಿ ಎರಡು ಸಾವಿರ ಹೆಕ್ಟೇರಿಗೂ ಹೆಚ್ಚು ಜಮೀನನ್ನು ಅರಣ್ಯ ಇಲಾಖೆಗೆ ಹಿಂದಿರುಗಿಸಲು ಸರ್ಕಾರ ಆದೇಶಿಸಿದಾಗ, ನಿವೃತ್ತರಾದ ಮೇಲೆ ಲೈನ್ ಮನೆ ಬಿಟ್ಟು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಆ ಕುಟುಂಬಗಳ ಮುಂದೆ ಬಂತು.

ಆ ವರ್ಷದ ಮಾರ್ಚ್ ‘ನಿರಾಶ್ರಿತ’ ಎಂಬ ಪದದ ಚರಿತ್ರೆಯಲ್ಲಿಯೂ ನೆನಪಿಡಬೇಕಾದ ತಿಂಗಳು. ಯುರೋಪಿಯನ್ ಒಕ್ಕೂಟ 2001ರಿಂದ ಕಡತದಲ್ಲೇ ಇದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಮೊದಲ ಬಾರಿಗೆ ಬಳಸಿ ಉಕ್ರೇನಿನ ಜನರಿಗೆ ವಾಸ, ಕೆಲಸ, ಶಾಲೆಯ ಬಾಗಿಲು ತೆರೆಯಿತು. ಅದೇ ತಿಂಗಳು ಶ್ರೀಲಂಕಾದ ಆರ್ಥಿಕ ಕುಸಿತಕ್ಕೆ ಸಿಕ್ಕಿ, ಅಕ್ಕಿ ಸೀಮೆಎಣ್ಣೆಗೂ ಗತಿ ಇಲ್ಲದೆ ದೋಣಿಯಲ್ಲಿ ಧನುಷ್ಕೋಡಿಯ ಬಳಿ ಇಳಿದವರು ಮತ್ತೆ ಮಂಡಪಂ ಶಿಬಿರ ಸೇರಿದರು. ಹಸಿವು 1951ರ ಪಟ್ಟಿಯಲ್ಲಿ ಇಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ನಿರಾಶ್ರಿತರ ಪ್ರವೇಶ ಕಾರ್ಯಕ್ರಮವನ್ನೇ ಅಮಾನತಿನಲ್ಲಿಟ್ಟಿತು. ಪದದ ಅರ್ಥ ಅದೇ ಇದ್ದರೂ ಬಾಗಿಲು ಮುಚ್ಚಬಹುದು.

ಪದವನ್ನೇ ಬದಲಿಸುವ ಪ್ರಯತ್ನವೂ ನಡೆದಿದೆ. 2021ರ ಆಗಸ್ಟ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ, ಇನ್ನು ಮುಂದೆ ಅಗತಿ ಶಿಬಿರ ಎನ್ನಬಾರದು, ‘ಇಲಂಗೈ ತಮಿಳರ್ ಮರುವಾಳ್ವು ಮುಗಾಂ’ ಎನ್ನಬೇಕು ಎಂದು ಘೋಷಿಸಿದರು. ಮರುಬಾಳು ಎಂಬ ಮಾತು ಬಂದದ್ದು ಒಳ್ಳೆಯದೇ. ಹೊಸ ಮನೆಗಳಿಗೆ, ಓದಿಗೆ ಹಣವೂ ಬಂತು. ಹುಟ್ಟಿದಾಗಿನಿಂದ ಅಗತಿ ಎಂದು ಕರೆಸಿಕೊಂಡ ಮಗುವಿಗೆ ಇದು ಸಣ್ಣ ವಿಷಯವಲ್ಲ. ಆದರೆ ಪೌರತ್ವ ಕೊಡುವುದು ರಾಜ್ಯದ ಕೈಯಲ್ಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಇವೆ, ಶ್ರೀಲಂಕಾ ಇಲ್ಲ.

ದಾರಿ ಇಲ್ಲವೆಂದಲ್ಲ. 2019ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ಮುಂದೆ ಭಾರತೀಯ ಮೂಲದ 65 ಶಿಬಿರವಾಸಿಗಳು ಬಂದಾಗ, ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಆ ಶಿಬಿರವಾಸಿಗಳ ಪೌರತ್ವದ ಅರ್ಜಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕೆಂದು ಹೇಳಿದರು. 1987ರ ಜುಲೈ 1ಕ್ಕೆ ಮುಂಚೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂಬುದು ಕಾಯ್ದೆಯಲ್ಲೇ ಇದೆ. ಮಂಡಪಂನಲ್ಲಿ ಹುಟ್ಟಿದ ಮಹಿಳೆಯೊಬ್ಬರು ಇದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗಿ 2022ರಲ್ಲಿ ಪಾಸ್‌ಪೋರ್ಟಿನ ಹಕ್ಕು ಪಡೆದರು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರನ್ನು ಪಾಸ್‌ಪೋರ್ಟ್, ವೀಸಾ ಇಲ್ಲದ ಕಾರಣಕ್ಕೆ ಶಿಕ್ಷಿಸುವುದಿಲ್ಲ ಎಂದು ವಿನಾಯಿತಿ ಕೊಟ್ಟಿದೆ. ಶಿಕ್ಷೆ ಇಲ್ಲ ಎನ್ನುವುದಕ್ಕೂ ನೀನು ನಮ್ಮವನು ಎನ್ನುವುದಕ್ಕೂ ಅಂತರ ದೊಡ್ಡದು.

ಶಿಬಿರಗಳಲ್ಲಿರುವ ತೋಟದ ಮೂಲದ ಕುಟುಂಬಗಳನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ. ಅನೇಕರ ಹಿರಿಯರು ಆ ಒಪ್ಪಂದಗಳ ಅಡಿಯಲ್ಲೇ ಭಾರತದ ಪೌರತ್ವಕ್ಕೆ ಅರ್ಜಿ ಹಾಕಿದ್ದವರು. 1964ರಲ್ಲಿ, 1974ರಲ್ಲಿ ಭಾರತ ಸರ್ಕಾರ ಒಪ್ಪಿಕೊಂಡ ಪಾಲಿನಲ್ಲಿ ಇನ್ನೂ ಬಾಕಿ ಉಳಿದ ಜನ ಇವರು. ಹೊಸ ಕಾಯ್ದೆಗೆ ಕಾಯದೆ, ಆ ಎರಡು ಒಪ್ಪಂದಗಳ ಮಾತಿನ ಮೇಲೆಯೇ ಕೇಂದ್ರ ಸರ್ಕಾರ ಇವರಿಗೆ ಪೌರತ್ವ ಪತ್ರ ಕೊಡಬೇಕು.