ಮಹಾವೀರಾಚಾರ್ಯನ ಒಂದು ಹಾರಸಂಖ್ಯೆ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ವು ೧೯೧೨ರಲ್ಲಿ ರಂಗಾಚಾರ್ಯರ ಸಂಪಾದಕತ್ವದಲ್ಲಿ ಮದರಾಸಿನಿಂದ ಪ್ರಕಟವಾಯಿತು. ಅದರ ಪ್ರತ್ಯುತ್ಪನ್ನ, ಎಂದರೆ ಗುಣಾಕಾರ, ಭಾಗದ ಒಂದು ಉದಾಹರಣೆಯ ಫಲ ೧೨೩೪೫೬೫೪೩೨೧. ಎರಡು ಕಡೆಯಿಂದಲೂ ಒಂದೇ ಬಗೆಯಾಗಿ ಕಾಣುವ ಇಂಥ ಕೆಲವು ಫಲಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದ್ದಾನೆ. ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವುದು ಸುಲಭ. ಆದರೆ ಅವನು ಆಯ್ದ ಗುಣ್ಯವು ೨೭೯೯೪೬೮೧, ಗುಣಕವು ೪೪೧. ಮೊದಲನೆಯದು ೫೨೯೧ರ ವರ್ಗ, ಎರಡನೆಯದು ೨೧ರ ವರ್ಗ. ಆದುದರಿಂದ ಲಬ್ಧವು ೧೧೧೧೧೧ರ ವರ್ಗ. ಇದು ಕಾಕತಾಳೀಯವೆಂದು ನಂಬುವುದು ಕಷ್ಟ.

೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗಕ್ಕೆ ೨೪೩ ಭಾಜಕಗಳುಂಟು. ಸಂಖ್ಯೆಯನ್ನೇ ಬಿಟ್ಟು ಉಳಿದವುಗಳ ಮೊತ್ತವು ಸಂಖ್ಯೆಯನ್ನು ಮೀರುತ್ತದೆ. ಬೆಸಸಂಖ್ಯೆಗಳಲ್ಲಿ ಈ 'ಅಧಿಕ' ಲಕ್ಷಣ ವಿರಳ. ಅಧಿಕ, ನ್ಯೂನ, ಪರಿಪೂರ್ಣ ಎಂಬ ವಿಭಾಗವು ಗ್ರೀಕರದು; ಅದನ್ನು ಆಚಾರ್ಯನ ಮೇಲೆ ಹೊರಿಸಬಾರದು. ೩೭ರ ವರ್ಗದಿಂದ ಭಾಗಿಸಿದರೆ ದೊರೆಯುವ ೯೦೧೮೦೦೯ ನ್ಯೂನಸಂಖ್ಯೆ. ಕೊರತೆ ಕೇವಲ ೮೧೯. ಇದನ್ನೇ ೨೨೦೨೧ರಿಂದ ಗುಣಿಸಿ, ಆ ಗುಣಕವು ಅವಿಭಾಜ್ಯವಾಗಿದ್ದರೆ ಬೆಸ ಪರಿಪೂರ್ಣಸಂಖ್ಯೆ ಲಭಿಸುತ್ತಿತ್ತೆಂದು ೧೬೩೮ರಲ್ಲಿ ದೆಕಾರ್ತನು ತೋರಿಸಿದನು. ೨೨೦೨೧ ಎಂಬುದಾದರೋ ೧೯ರ ವರ್ಗವನ್ನು ೬೧ರಿಂದ ಗುಣಿಸಿದ ಫಲ. ಬೆಸ ಪರಿಪೂರ್ಣಸಂಖ್ಯೆ ಇಂದಿಗೂ ದೊರೆತಿಲ್ಲ.