ಕಡಲಿನ ನೆನಪು ಪೆಟ್ಟಿಗೆಗೆ ಬಂದದ್ದು

ಕುದುರೆಮುಖ ಚಾರಣಕ್ಕೆ ಹೋಗುವವರಿಗೆ ಶಿಖರ, ಗಣಿಯ ಕಾಲ ಕಂಡವರಿಗೆ ಅದಿರಿನ ಊರು. ಕಡಲಿಗೆ ಹೋಗುವವರಿಗೆ ಅದೊಂದು ಗುರುತು. ಸುಮಾರು 1,890 ಮೀಟರ್ ಎತ್ತರದ ಆ ಗುಡ್ಡ ಆಕಾಶ ತಿಳಿಯಾದ ದಿನ ದೂರದ ನೀರಿಗೂ ಕಾಣುತ್ತದೆ. ಹಾಯಿಯ ಕಾಲದಿಂದಲೂ ನಾವಿಕರು ಅದನ್ನು ನೋಡಿಯೇ ದಡದ ಅಂದಾಜು ಮಾಡುತ್ತಿದ್ದರು. ಮೀನುಗಾರನಿಗೆ ಬೇಕಾದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಗುಡ್ಡದ ಒಂದು ಕೋಡು ದಡದ ದೀಪಸ್ತಂಭದ ಸರಿ ಹಿಂದೆ ಬಂದು ನಿಂತರೆ ಅದೊಂದು ಗೆರೆ. ಬಡಗು ದಿಕ್ಕಿನ ನಡುಗಡ್ಡೆ ಅದರಾಚೆಯ ಇನ್ನೊಂದು ಗುಡ್ಡದ ಜೊತೆ ಕೂಡಿಕೊಂಡರೆ ಎರಡನೆಯ ಗೆರೆ. ಎರಡೂ ಸೇರುವಲ್ಲಿ ಸೀಸದ ಗುಂಡು ಇಳಿಬಿಟ್ಟು ಎಷ್ಟು ಮಾರು ಆಳ ಎಂದು ಎಣಿಸಿದರೆ ಮುರು ಮೀನು ಸಿಗುವ ಕಲ್ಲು ಇಲ್ಲೇ ಇದೆ ಎಂದು ಖಾತ್ರಿಯಾಗುತ್ತಿತ್ತು. ಈ ಲೆಕ್ಕದ ಜಾಗಕ್ಕೆ ಜಿಪಿಎಸ್ ಮತ್ತು ಫಿಶ್ ಫೈಂಡರ್ ಬಂದ ಕಥೆಯನ್ನು ಸಾಮಾನ್ಯವಾಗಿ ಕಣ್ಣಿನ ಕಥೆಯಾಗಿ ಹೇಳುತ್ತಾರೆ: ಯಂತ್ರ ನೀರಿನೊಳಗಿನ ಮೀನನ್ನು ಕಂಡಿತು, ಕಡಲು ಬರಿದಾಯಿತು ಎಂದು. ನನಗೆ ಅದು ನೆನಪಿನ ಕಥೆಯಾಗಿ ಕಾಣುತ್ತದೆ. ನಮ್ಮ ಕರಾವಳಿಯ ಮೀನುಗಾರಿಕೆಯನ್ನು ಹೆಚ್ಚು ಬದಲಿಸಿದ್ದು ಮೀನು ತೋರಿಸಿದ ಯಂತ್ರವಲ್ಲ, ಜಾಗ ನೆನಪಿಟ್ಟುಕೊಂಡ ಯಂತ್ರ.

ಮೊದಲು ಮೀನು ತೋರಿಸುವ ಯಂತ್ರವನ್ನೇ ನೋಡೋಣ, ವಯಸ್ಸಿನಲ್ಲಿ ಅದೇ ಹಿರಿದು. ನೀರಿಗೆ ಸದ್ದು ಬಿಟ್ಟು ಮರುದನಿಯಿಂದ ಆಳ ಅಳೆಯುವ ಉಪಾಯ ಇಪ್ಪತ್ತನೆಯ ಶತಮಾನದ ಆರಂಭದ್ದು. ಉಪ್ಪುನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹೋಗಿ ಬರಲು ಹಿಡಿದ ಹೊತ್ತನ್ನು ಅಳೆದರೆ ತಳ ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ. ತಳಕ್ಕಿಂತ ಮೇಲೆಯೇ ಕೆಲವು ಮರುದನಿಗಳು ಬರುವುದನ್ನು ಗಮನಿಸಿ, ಅವು ಮೀನಿನ ಹಿಂಡುಗಳೆಂದು ನಾರ್ವೆಯ ವಿಜ್ಞಾನಿ ಆಸ್ಕರ್ ಸುಂಡ್ 1935ರಲ್ಲಿ ಕಾಡ್ ಮೀನಿನ ದಾಖಲೆಗಳ ಸಮೇತ ಪ್ರಕಟಿಸಿದರು. ಮೀನುಗಾರರ ಕೈಗೆ ಹೊಂದುವ ಯಂತ್ರ ಸಿದ್ಧವಾದದ್ದು 1948ರಲ್ಲಿ, ಜಪಾನಿನ ನಾಗಸಾಕಿ ಪ್ರಾಂತದ ಕುಚಿನೋತ್ಸು ಎಂಬ ಬಂದರಿನಲ್ಲಿ. ಅದನ್ನು ಮಾಡಿದ ಫುರುನೋ ಸೋದರರು ದೋಣಿಗಳ ವಿದ್ಯುತ್ ಕೆಲಸ ಮಾಡುತ್ತಿದ್ದವರು. ಮೀನು ಇರುವಲ್ಲಿ ಗಾಳಿಗುಳ್ಳೆ ಏಳುತ್ತದೆ ಎಂದು ಅನುಭವಿ ಮೀನುಗಾರನೊಬ್ಬ ಹೇಳಿದ ಮಾತೇ ಅವರಿಗೆ ಎಳೆ ಕೊಟ್ಟಿತಂತೆ. ಅಂದರೆ ಈ ಯಂತ್ರದ ಬೇರು ದೋಣಿಯವರ ತಿಳಿವಳಿಕೆಯಲ್ಲೇ ಇದೆ, ಅದನ್ನು ಹೊರಗಿನಿಂದ ಬಂದು ಅಳಿಸಿದ್ದಲ್ಲ. ಇನ್ನೊಂದು ಮಾತು. ಮಾಮೂಲಿ ಫಿಶ್ ಫೈಂಡರ್ ನೋಡುವುದು ದೋಣಿಯ ಅಡಿಯನ್ನು ಮಾತ್ರ. ಪರದೆಯಲ್ಲಿ ಮೂಡುವುದು ಆಗಲೇ ದಾಟಿ ಬಂದ ನೀರು. ಎತ್ತ ಹೋಗಬೇಕು ಎಂಬುದನ್ನು ಅದು ಹೇಳುವುದಿಲ್ಲ. ಹೋದ ಮೇಲೆ ಅಲ್ಲಿ ಏನಿತ್ತು ಎಂದಷ್ಟೇ ಹೇಳುತ್ತದೆ.

ಈ ಯಂತ್ರವೇ ಹಳೆಯ ಮೀನುಗಾರಿಕೆಯನ್ನು ಮುಗಿಸಿತು ಎಂಬ ಆಪಾದನೆ ಕಾಲಗಣನೆಯ ಎದುರು ನಿಲ್ಲುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ದಡದ ದೊಡ್ಡ ಬಲೆ ಎಂದರೆ ರಂಪಣಿ. ಬಂಗುಡೆ, ಬೂತಾಯಿಯ ಹಿಂಡು ದಡದತ್ತ ಬಂದಾಗ ದೋಣಿಯಲ್ಲಿ ಬಲೆ ಸುತ್ತುಹಾಕಿ, ಹತ್ತಾರು ಜನ, ಕೆಲವೊಮ್ಮೆ ನೂರರ ಹತ್ತಿರ, ಎರಡೂ ಕಡೆಯಿಂದ ಮರಳಿಗೆ ಎಳೆಯುತ್ತಿದ್ದರು. ನೀರಿನ ಬಣ್ಣ ಕಪ್ಪಾದದ್ದು, ಹಕ್ಕಿಗಳು ಎರಗಿದ್ದು, ಇರುಳಲ್ಲಿ ಅಲೆ ಮಿಂಚಿದ್ದು: ಇವೇ ಸೂಚನೆ. 1953ರಲ್ಲಿ ಕೇರಳದ ಕೊಲ್ಲಂ ಬಳಿ ಶುರುವಾದ ಇಂಡೋ–ನಾರ್ವೇಜಿಯನ್ ಯೋಜನೆ ಮುಂದೆ ಕಾರವಾರಕ್ಕೂ ಬಂತು, ಅದರ ಜೊತೆ ಎಂಜಿನ್ ದೋಣಿಯೂ ಹೊಸ ಬಲೆಯೂ ಬಂದವು. 1970ರ ದಶಕದ ನಡುವೆ ಪರ್ಸಿನ್ ಬೋಟುಗಳು ಇಳಿದವು. ಹಿಂಡು ದಡಕ್ಕೆ ಬರುವ ಮೊದಲೇ ಹೊರಗಿನ ನೀರಿನಲ್ಲಿ ಅದನ್ನು ಸುತ್ತುಗಟ್ಟಿದವು. ದಶಕ ಮುಗಿಯುವಷ್ಟರಲ್ಲಿ ರಂಪಣಿ ಕುಸಿದಿತ್ತು, ಎರಡು ಕಡೆಯವರ ನಡುವೆ ಜಗಳಗಳೂ ಆಗಿದ್ದವು. ಗಮನಿಸಬೇಕಾದ್ದು ಇಲ್ಲಿ: ಆ ಬೋಟುಗಳವರೂ ಹಿಂಡನ್ನು ಹುಡುಕುತ್ತಿದ್ದದ್ದು ಬಹುಮಟ್ಟಿಗೆ ಬರಿಗಣ್ಣಿನಿಂದ, ರಂಪಣಿಯವರು ಓದುತ್ತಿದ್ದ ಅದೇ ಬಣ್ಣ, ಅದೇ ಹಕ್ಕಿಗಳನ್ನು ನೋಡಿ. ಸೋತದ್ದು ಕಣ್ಣಲ್ಲ, ಕಾಲು. ಎಂಜಿನ್ ಇದ್ದವನು ಮೀನಿದ್ದಲ್ಲಿಗೆ ಹೋದ, ಇಲ್ಲದವನು ಮೀನು ಬರುವುದನ್ನು ಕಾದ.

ಜಿಪಿಎಸ್ ಬಂದದ್ದು ಇದಾದ ಎಷ್ಟೋ ವರ್ಷದ ಮೇಲೆ. ಅಮೆರಿಕದ ಸೇನೆ ಮೊದಲ ಉಪಗ್ರಹ ಹಾರಿಸಿದ್ದು 1978ರಲ್ಲಿ. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿದ ಮೇಲೆ ನಾಗರಿಕರಿಗೂ ಇದನ್ನು ಕೊಡುವುದಾಗಿ ರೇಗನ್ ಸರ್ಕಾರ ಸಾರಿತು. ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಆದರೆ ಮೀನುಗಾರರ ಮಟ್ಟಿಗೆ ನಿಜವಾದ ತಿರುವು 2000ದ ಮೇ ತಿಂಗಳು. ಅಲ್ಲಿಯವರೆಗೆ ನಾಗರಿಕರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು, ಗುರುತು ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿತ್ತು. ಆ ಬೆರಕೆ ನಿಂತಿತು, ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಬಂದರು ಸೇರಲು ನೂರು ಮೀಟರಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ನೀರಿನಡಿಯ ಕಲ್ಲಿನ ಅಂಚಿನಲ್ಲಿ ಟ್ರಾಲ್ ಬಲೆ ಎಳೆಯುವವನಿಗೆ ಮಾತ್ರ ಅದು ಬಲೆ ಉಳಿಯುವುದಕ್ಕೂ ಹರಿಯುವುದಕ್ಕೂ ಇರುವ ವ್ಯತ್ಯಾಸ. ಅಲ್ಲಿಯವರೆಗೆ ಕಲ್ಲಿನ ಸುತ್ತಲಿನ ನೀರು, ಯಾರೂ ಕಾನೂನು ಮಾಡದಿದ್ದರೂ, ಮೀನಿಗೆ ಆಸರೆಯಾಗಿತ್ತು. ಬಲೆ ಹರಿಯುವ ಭಯವೇ ಅದಕ್ಕೆ ಬೇಲಿ. ಒಮ್ಮೆ ಬಲೆ ಸಿಕ್ಕಿಬಿದ್ದ ಜಾಗ ಪರದೆಯ ಮೇಲೆ ಚುಕ್ಕಿಯಾಗಿ ಕೂತ ಮೇಲೆ ಆ ಬೇಲಿ ಚುಕ್ಕಿಯಷ್ಟೇ ಆಗಿ ಕುಗ್ಗಿತು. ಇದನ್ನು ಅಂಕಿಯಲ್ಲಿ ಅಳೆದವರು ಆಸ್ಟ್ರೇಲಿಯಾದವರು. ಅಲ್ಲಿನ ಉತ್ತರ ಕರಾವಳಿಯ ಸಿಗಡಿ ಟ್ರಾಲರುಗಳನ್ನು ಕುರಿತ 1998ರ ಅಧ್ಯಯನದ ಪ್ರಕಾರ, ಜಿಪಿಎಸ್ ಒಂದೇ ಇದ್ದ ದೋಣಿಯ ಹಿಡಿಯುವ ಶಕ್ತಿ ಶೇ 4ರಷ್ಟು ಹೆಚ್ಚು, ಗುರುತುಗಳನ್ನು ನಕ್ಷೆಯಾಗಿ ಇಡುವ ಪ್ಲಾಟರ್ ಸೇರಿದರೆ ಶೇ 7, ಮೂರು ವರ್ಷ ಬಳಸಿದ ಮೇಲೆ ಶೇ 12. ನನ್ನ ವಾದಕ್ಕೆ ಮುಖ್ಯವಾದದ್ದು ಕೊನೆಯ ಅಂಕಿ. ಯಂತ್ರ ಅದೇ, ದೋಣಿಯೂ ಅದೇ. ಹೆಚ್ಚಿದ್ದು ಅದರಲ್ಲಿ ತುಂಬಿದ ಗುರುತುಗಳು ಮತ್ತು ಅವನ್ನು ಬಳಸುವ ಕೈಯ ಪಳಗು.

ಹಳೆಯ ಗುರುತೂ ಗುಟ್ಟೇ ಆಗಿತ್ತಲ್ಲ, ತಂದೆ ಮಗನಿಗೆ ಬಿಟ್ಟರೆ ಯಾರಿಗೆ ಹೇಳುತ್ತಿದ್ದ ಎಂದು ಕೇಳಬಹುದು. ನಿಜ, ಕಡಲಿನಲ್ಲಿ ಉದಾರಿಗಳು ಯಾವ ಕಾಲಕ್ಕೂ ಕಡಿಮೆ. ಆದರೆ ಆ ಗುಟ್ಟಿಗೆ ದಡ ಕಾಣಬೇಕಿತ್ತು. ಮಬ್ಬು ಕವಿದ ದಿನ ಅದು ಉಪಯೋಗಕ್ಕಿಲ್ಲ, ಬಹುದಿನಗಳ ಟ್ರಾಲ್ ಬೋಟು ಹೋಗುವ ಆಳಸಮುದ್ರದಲ್ಲಂತೂ ಇಲ್ಲವೇ ಇಲ್ಲ. ಗುಡ್ಡವನ್ನು ಬಚ್ಚಿಡಲೂ ಆಗದು: ಹತ್ತಿರ ಬಲೆ ಬಿಟ್ಟವನು ಎರಡು ಸಲ ನೋಡಿದರೆ ಜಾಗ ತಿಳಿದುಕೊಳ್ಳುತ್ತಿದ್ದ. ಅಂಕಿಯ ಗುಟ್ಟಿನ ಸ್ವಭಾವವೇ ಬೇರೆ. ಅದು ತೆರೆದ ನೀರಿನಲ್ಲೂ ನಿಲ್ಲುತ್ತದೆ, ನಕಲಾಗುತ್ತದೆ, ಚೀಟಿಯಲ್ಲಿ ಕೈ ಬದಲಾಯಿಸುತ್ತದೆ. ಕಪ್ಪೆ ಬೊಂಡಾಸಿನ, ಅಂದರೆ ಕಟಲ್‌ಫಿಶ್‌ನ, ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಈ ಶತಮಾನದ ಮೊದಲ ದಶಕದಿಂದ ನಮ್ಮ ಕಡಲಿನಲ್ಲಿ ಕೆಲವರು, ಮುಖ್ಯವಾಗಿ ತಮಿಳುನಾಡಿನ ಗಾಳದ ಮೀನುಗಾರರು, ತೆಂಗಿನ ಒಣ ಹೊಂಬಾಳೆಗಳನ್ನು ಕಟ್ಟಿ ಭಾರ ಹಾಕಿ ನೀರಿಗೆ ಬಿಡತೊಡಗಿದರು. ಮೊಟ್ಟೆ ಅಂಟಿಸಲು ಆಸರೆ ಹುಡುಕುವ ಕಪ್ಪೆ ಬೊಂಡಾಸು ಅಲ್ಲಿಗೆ ಬರುತ್ತದೆ, ಗಾಳಕ್ಕೆ ಸಿಗುತ್ತದೆ. ಮೇಲೆ ತೇಲುಗುರುತು ಬಿಡಬೇಕಿಲ್ಲ, ಅಂಕಿ ಬರೆದಿಟ್ಟುಕೊಂಡರೆ ಸಾಕು. ಮೊಟ್ಟೆಯಿಡಲು ಬಂದದ್ದನ್ನೇ ಹಿಡಿಯುವುದು ಸರಿಯೇ ಎಂದು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೇಳಿದರು. ಆ ಕಟ್ಟುಗಳು ಬಲೆಗೆ ಸಿಕ್ಕಿಕೊಳ್ಳುತ್ತವೆ ಎಂದು ಟ್ರಾಲ್ ಬೋಟಿನವರು ಸಿಟ್ಟಾದರು. ಇಲ್ಲಿ ಫಿಶ್ ಫೈಂಡರಿನ ಪಾತ್ರ ಅಷ್ಟಿಲ್ಲ. ಯಾರದ್ದೂ ಅಲ್ಲದ ನೀರಿನಲ್ಲಿ ಒಬ್ಬನ ಹಿತ್ತಲು ಹುಟ್ಟಿಕೊಂಡದ್ದು ಜಿಪಿಎಸ್ ನೆನಪಿನಿಂದ.

ಜೀವ ಉಳಿಸುವ ಯಂತ್ರವನ್ನು ಹೀಗೆ ಕಟಕಟೆಗೆ ನಿಲ್ಲಿಸಬಹುದೇ ಎಂಬ ಆಕ್ಷೇಪ ಇದಕ್ಕಿಂತ ಭಾರವಾದದ್ದು. ದಾರಿ ತಪ್ಪದೆ ಬಂದರು ಸೇರುವುದು, ಅಲೆದಾಟದ ಡೀಸೆಲ್ ಉಳಿಯುವುದು, ಮಂಜಿನಲ್ಲಿ ಅಳಿವೆ ಬಾಯಿ ಸಿಗುವುದು, ಇವು ಸಣ್ಣ ಉಪಕಾರಗಳಲ್ಲ. ಇವನ್ನು ಬಿಟ್ಟು ಹಳೆಯದಕ್ಕೆ ಹೋಗಿ ಎನ್ನುವವರು ಇರುಳಲ್ಲಿ ದೋಣಿ ನಡೆಸಿ ನೋಡಬೇಕು. ಆದರೂ ಆ ಉಪಕಾರಕ್ಕೊಂದು ಮಿತಿಯಿದೆ. ಜಿಪಿಎಸ್ ಕೇಳುವ ಕಿವಿ, ಕೂಗುವ ಬಾಯಲ್ಲ: ನೀನೆಲ್ಲಿದ್ದೀಯ ಎಂದು ದೋಣಿಗೆ ಹೇಳುತ್ತದೆ, ದೋಣಿ ಎಲ್ಲಿದೆ ಎಂದು ದಡಕ್ಕೆ ಹೇಳುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದ ಬಳಿ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ದೋಣಿಯ ಇರವನ್ನು ದಡಕ್ಕೆ ತಿಳಿಸುವ ಸಾಧನ ಬೇರೆಯೇ. ಅದು ಹಿಡಿತವನ್ನೇನೂ ಹೆಚ್ಚಿಸುವುದಿಲ್ಲ, ದಂಧೆಯೊಳಗೆ ತಡವಾಗಿ ಬಂದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ.

ಹೀಗೆ ನೋಡಿದರೆ ಬೋಟಿಗೆ ಯಾವ ಯಂತ್ರ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಪರದೆಯ ಅಳತೆಯಿಂದ ಶುರುಮಾಡುವುದೇ ತಪ್ಪು. ತಳ ಕೆರೆಯುವ ಟ್ರಾಲ್ ಬೋಟಿಗೆ ತಳ ಕೆಸರೋ ಕಲ್ಲೋ ಎಂದು ಹೇಳುವ ಫೈಂಡರ್ ಬೇಕು, ಎಳೆದ ದಾರಿಯನ್ನೆಲ್ಲ ಇಟ್ಟುಕೊಳ್ಳುವ ಪ್ಲಾಟರ್ ಬೇಕು. ಆಳದ ನೀರಿಗೆ 50 ಕಿಲೋಹರ್ಟ್ಸಿನ ಅಗಲ ಸದ್ದು, ದಡದ ಹತ್ತಿರ ವಿವರಕ್ಕೆ 200ರ ಸಣ್ಣ ಸದ್ದು. ಮೇಲ್ನೀರಿನ ಹಿಂಡು ಸುತ್ತುವ ಪರ್ಸಿನ್ ಬೋಟಿಗೆ ಅಡಿ ನೋಡುವ ಯಂತ್ರದಿಂದ ಅರ್ಧ ಕೆಲಸವೂ ಆಗದು. ಬದಿ ನೋಡುವ ಸೋನಾರ್ ಬೆಲೆ ಬಾಳುವುದು ಅಲ್ಲೇ. ನಾಡದೋಣಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಕಾದೀತು. ಎತ್ತ ಹೋಗಬೇಕು ಎಂಬುದಕ್ಕೆ ಈಗ ಹೈದರಾಬಾದಿನ ಇನ್‌ಕಾಯ್ಸ್ ನೀರಿನ ಬಿಸಿಯನ್ನೂ ಹಸಿರನ್ನೂ ಉಪಗ್ರಹದಿಂದ ಅಳೆದು ಎಲ್ಲರಿಗೂ ಒಂದೇ ಸೂಚನೆ ಕೊಡುತ್ತದೆ. ಎಲ್ಲರಿಗೂ ಸಿಗುವುದರಿಂದ ಅದರಲ್ಲಿ ಯಾರಿಗೂ ಗುಟ್ಟಿಲ್ಲ. ಬೆಲೆ ಉಳಿದಿರುವುದು ಬೋಟು ನಡೆಸುವ ತಾಂಡೇಲ ವರ್ಷಗಟ್ಟಲೆ ಕೂಡಿಹಾಕಿದ ಚುಕ್ಕಿಗಳಿಗೆ. ರಂಪಣಿಯಲ್ಲಿ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಆಳಿಗೆ ಇಷ್ಟು ಎಂದು ಪಾಲಿನ ಲೆಕ್ಕವಿತ್ತು. ಯಂತ್ರ ಮಾಲೀಕನ ದುಡ್ಡಿನದು, ಒಳಗಿನ ಗುರುತು ತಾಂಡೇಲನ ದುಡಿಮೆಯದು. ಅವನು ಬೇರೆ ಬೋಟು ಹತ್ತುವ ದಿನ ಆ ಚುಕ್ಕಿಗಳು ಯಾರ ಪಾಲು ಎಂಬುದಕ್ಕೆ ಆ ಹಳೆಯ ಲೆಕ್ಕದಲ್ಲಿ ಕಲಮಿಲ್ಲ.